ಮೂರು ಗಂಟೆಯ ಮಂಡಿನೋವು

ಆಪರೇಷನ್ ಆಗಿ ಹನ್ನೊಂದನೆಯ ದಿನ. ಧಾರವಾಡದ ಆ ಮನೆಯಲ್ಲಿ ಹಗಲೆಲ್ಲ ಸುಸೂತ್ರವಾಗಿಯೇ ಕಳೆದಿತ್ತು. ಅರವತ್ತೆಂಟರ ಅಜ್ಜಿ ವಾಕರ್ ಹಿಡಿದು ಪಡಸಾಲೆಯಿಂದ ಅಡುಗೆಮನೆಯವರೆಗೆ ನಾಲ್ಕು ಸಲ ಹೋಗಿಬಂದಿದ್ದರು. ಫಿಸಿಯೋಥೆರಪಿಯ ಹುಡುಗಿ ಮಂಡಿಯನ್ನು ತೊಂಬತ್ತು ಡಿಗ್ರಿ ಮಡಿಚಿಸಿ ಭೇಷ್ ಅಂದು ಹೋಗಿದ್ದಳು. ನೋಡಲು ಬಂದ ನೆಂಟರ ಜೊತೆ ಚಹಾ, ಮಾತು, ನಗು ಎಲ್ಲ ಆಗಿತ್ತು. ಮನೆಯ ದೀಪ ಆರಿದ ಮೇಲೆ ಕತೆಯೇ ಬೇರೆ. ಒಂದಕ್ಕೆ ಎಚ್ಚರ, ಎರಡಕ್ಕೆ ಎಚ್ಚರ, ಮೂರಕ್ಕೆ ಎದ್ದು ಕೂತು ತೊಡೆ ಒತ್ತಿಕೊಳ್ಳುತ್ತ ಗೋಡೆ ಗಡಿಯಾರ ನೋಡುವುದು. ಪಕ್ಕದ ಕೋಣೆಯ ಮಗಳನ್ನು ಎಬ್ಬಿಸಲು ಮನಸ್ಸಿಲ್ಲ. ಬೆಳಿಗ್ಗೆ ಕೇಳಿದರೆ ‘ಏನಿಲ್ಲ ಬಿಡು, ಸ್ವಲ್ಪ ನಿದ್ದೆ ಹತ್ತಲಿಲ್ಲ’ ಎಂಬ ಉತ್ತರ. ಒಳಗೊಳಗೆ ಮಾತ್ರ ಒಂದೇ ಅಳುಕು: ಆಪರೇಷನ್ ಕೆಟ್ಟಿತೇನೋ.

ಮಂಡಿ ಬದಲಾಯಿಸಿಕೊಂಡವರ ಮನೆಗಳಲ್ಲಿ ಈ ಅಳುಕು ತೀರಾ ಸಾಮಾನ್ಯ. ಹೆಚ್ಚಿನವರ ಪಾಲಿಗೆ ಅದು ಆಧಾರವಿಲ್ಲದ್ದು. ನೋವಿದ್ದರೆ ನಿದ್ದೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟರೆ ಅದೇ ಮಂಡಿ ಇನ್ನೂ ಹೆಚ್ಚು ನೋಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಗಾಯದ ಆರೈಕೆ, ವ್ಯಾಯಾಮ, ಮಾತ್ರೆಗಳ ಪಟ್ಟಿ ಎಲ್ಲವನ್ನೂ ವಿವರಿಸುತ್ತಾರೆ. ರಾತ್ರಿ ಕಳೆಯುವುದು ಹೇಗೆಂದು ಕೂತು ಹೇಳುವವರು ಕಡಿಮೆ. ಹೇಳಬೇಕಾದದ್ದು ಬಹಳ ಇದೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಈ ಆಪರೇಷನ್ನನ್ನು ‘ಮಂಡಿ ಚಿಪ್ಪು ಬದಲಾವಣೆ’ ಅನ್ನುತ್ತಾರೆ. ಹಾಗಾಗಿ ಹಳೆಯ ಚಿಪ್ಪು ತೆಗೆದು ಹೊಸ ಚಿಪ್ಪು ಕೂರಿಸುತ್ತಾರೆ ಎಂದೇ ಹಲವರ ತಿಳಿವಳಿಕೆ. ಚಿಪ್ಪು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ, ಕೆಲವರಿಗೆ ಅದರ ಒಳಮೈಗೊಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ, ಅಷ್ಟೆ. ಕೊಯ್ಯುವುದು ತೊಡೆಮೂಳೆಯ ಕೆಳತುದಿಯನ್ನು ಮತ್ತು ಅದರ ಕೆಳಗಿನ ದೊಡ್ಡ ಮೂಳೆಯ ಮೇಲ್ತುದಿಯನ್ನು. ಎರಡರಿಂದಲೂ ಸುಮಾರು 8ರಿಂದ 10 ಮಿಲಿಮೀಟರ್ ಮೂಳೆಯನ್ನು ಗರಗಸದಿಂದ ತೆಗೆದು, ಮೇಲೆ ಕೋಬಾಲ್ಟ್-ಕ್ರೋಮಿಯಂ ಲೋಹದ ಕವಚ, ಕೆಳಗೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನಿನ ಮೆತ್ತೆ ಕೂರಿಸುತ್ತಾರೆ. ಸವೆದುಹೋಗಿದ್ದ ಮೃದ್ವಸ್ಥಿಗೆ ನರಗಳೇ ಇರಲಿಲ್ಲ. ಮೂಳೆಗೆ, ಮೂಳೆಯ ಹೊದಿಕೆಗೆ, ಕೀಲಿನ ಚೀಲಕ್ಕೆ, ಚಿಪ್ಪಿನ ಕೆಳಗಿನ ಕೊಬ್ಬಿನ ಮೆತ್ತೆಗೆ ನರಗಳ ದಟ್ಟ ಬಲೆಯೇ ಇದೆ. ಶಸ್ತ್ರಚಿಕಿತ್ಸೆ ಕೈಹಾಕುವುದು ಈ ಜಾಗಗಳಿಗೇ. ಇಷ್ಟೆಲ್ಲ ನಡೆದ ಮೇಲೆ ಆರೇಳು ವಾರ ನೋಯುವುದು ದೇಹದ ಸಹಜ ಲೆಕ್ಕ.

2000ದ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡಮಂಡಿಗೆ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ಜೂನಿನಲ್ಲಿ ಬಲಮಂಡಿಗೂ ಆಯಿತು. ಮಾಡಿದವರು ನ್ಯೂಯಾರ್ಕಿನಿಂದ ಬಂದಿದ್ದ ಡಾ. ಚಿತ್ತರಂಜನ್ ರಾಣಾವತ್. ಇಂದಿನ ಕೃತಕ ಮಂಡಿಗಳಿಗೆ ಮೂಲವಾದ 1970ರ ದಶಕದ ವಿನ್ಯಾಸದಲ್ಲಿ ಅವರದೂ ಪಾಲಿತ್ತು. ಮಂಡಿ ಬದಲಾವಣೆ ಎಂಬ ಮಾತು ನಮ್ಮ ಮನೆಮನೆಗೆ ಬಂದದ್ದರಲ್ಲಿ ಆ ಸುದ್ದಿಯ ಪಾತ್ರ ದೊಡ್ಡದು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಬೆಲೆಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಯಿತು. ಹಿಂದೆ ಕೋಲೂರಿ ದಿನ ದೂಡುತ್ತಿದ್ದ ಎಷ್ಟೋ ಜನ ಈಗ ಧೈರ್ಯ ಮಾಡುತ್ತಾರೆ. ಪಕ್ಕದ ಮನೆಯವರು ಎರಡೇ ವಾರಕ್ಕೆ ಮೆಟ್ಟಿಲು ಹತ್ತಿದ ಕತೆಯನ್ನೂ ಕೇಳಿರುತ್ತಾರೆ. ಅವರ ರಾತ್ರಿಗಳ ಕತೆಯನ್ನು ಮಾತ್ರ ಯಾರೂ ಹೇಳಿರುವುದಿಲ್ಲ.

ಆಪರೇಷನ್ ಆದ ದಿನ ನೋವೇ ಇರಲಿಲ್ಲ, ಮರುದಿನ ಶುರುವಾಯಿತು ಎಂದು ಬಹಳ ಜನ ಗಾಬರಿಯಾಗುತ್ತಾರೆ. ತೊಡೆಯ ಒಳಭಾಗದಲ್ಲಿ ನರದ ಸುತ್ತ ಕೊಟ್ಟ ಇಂಜೆಕ್ಷನ್ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯವರೆಗೆ ಕಾಲನ್ನು ಕಾಯ್ದು, ಆಮೇಲೆ ಒಮ್ಮೆಗೇ ಕೈಬಿಡುವುದೇ ಇದಕ್ಕೆ ಕಾರಣ. ಅದು ಇಳಿಯುವ ಮುಂಚೆಯೇ ಮಾತ್ರೆ ಹೊಟ್ಟೆಯಲ್ಲಿದ್ದರೆ ಆ ಹೊಡೆತ ತಗ್ಗುತ್ತದೆ.

ಗಾಯವಾದಲ್ಲಿ ಪ್ರೊಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕಗಳು ಒಸರಿ ನರತುದಿಗಳನ್ನು ಚುರುಕುಗೊಳಿಸುತ್ತವೆ. ಆಗ ಹೊದಿಕೆ ಸೋಕಿದರೂ ಉರಿಯುತ್ತದೆ. ಇನ್ನೊಂದು ಹಂತ ಬೆನ್ನುಹುರಿಯಲ್ಲಿದೆ. ಗಾಯದ ಸಂಕೇತಗಳು ಎಡೆಬಿಡದೆ ಬಂದರೆ ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮವಾಗಿ, ಸಣ್ಣ ಸಂಕೇತವನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸುತ್ತವೆ ಎಂದು ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದರು. ನೋವು ತಾರಕಕ್ಕೇರಿದ ಮೇಲೆ ನುಂಗಿದ ಮಾತ್ರೆ ಸಾಲದೆನಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ರಾತ್ರಿ. ಹಗಲಿನ ಓಡಾಟ, ಮಾತುಕತೆ, ಟಿ.ವಿ. ಎಲ್ಲ ಮನಸ್ಸನ್ನು ಮಂಡಿಯಿಂದ ಆಚೆಗೆ ಎಳೆದಿರುತ್ತವೆ. ರಾತ್ರಿ ಹಾಗೆ ಎಳೆಯುವವರಿಲ್ಲ. ಹಗಲಿನ ವ್ಯಾಯಾಮದ ಬಾವು ಸಂಜೆಯ ಹೊತ್ತಿಗೆ ಏರಿರುತ್ತದೆ. ಉರಿಯೂತ ತಗ್ಗಿಸುವ ಕಾರ್ಟಿಸಾಲ್ ಹಾರ್ಮೋನು ನಡುರಾತ್ರಿಯ ಸುಮಾರಿಗೆ ರಕ್ತದಲ್ಲಿ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಇಷ್ಟೇ ಅಲ್ಲದೆ, ದೇಹದ ಒಳಗಡಿಯಾರಕ್ಕೇ ನೋವಿನ ಲಯವೊಂದಿದೆ. ಫ್ರಾನ್ಸಿನ ಲಿಯೋಂ ನಗರದ ಸಂಶೋಧಕರು ಹನ್ನೆರಡು ಮಂದಿ ಆರೋಗ್ಯವಂತ ಯುವಕರನ್ನು ಮಂದ ಬೆಳಕಿನ ಕೋಣೆಯಲ್ಲಿ 34 ಗಂಟೆ ಎಚ್ಚರವಿರಿಸಿ, ಆಗಾಗ ಚರ್ಮಕ್ಕೆ ಬಿಸಿ ತಾಗಿಸಿ ಅಳೆದರು. ನೋವು ಅತಿ ಹೆಚ್ಚು ತಟ್ಟಿದ್ದು ಬೆಳಗಿನ ಜಾವ ಮೂರರ ಆಸುಪಾಸಿನಲ್ಲಿ, ಅತಿ ಕಡಿಮೆ ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಆ ಯುವಕರ ಮಂಡಿಗೆ ಯಾವ ಗಾಯವೂ ಆಗಿರಲಿಲ್ಲ ಎಂಬುದನ್ನು ಧಾರವಾಡದ ಅಜ್ಜಿಗೆ ಯಾರಾದರೂ ಹೇಳಬೇಕಿತ್ತು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ನಡೆದ ಅಧ್ಯಯನವೊಂದು ಮಂಡಿಯವರಿಗೆ ಇನ್ನೂ ಹತ್ತಿರದ್ದು. ಆರೋಗ್ಯವಂತ ಮಹಿಳೆಯರ ಒಂದು ಗುಂಪನ್ನು ರಾತ್ರಿ ಗಂಟೆಗೊಮ್ಮೆ ಎಬ್ಬಿಸಿದರು. ಇನ್ನೊಂದು ಗುಂಪಿಗೆ ಅಷ್ಟೇ ಕಡಿಮೆ ನಿದ್ದೆ ಸಿಕ್ಕಿತು, ಆದರೆ ಒಂದೇ ಸಮನೆ. ನೋವನ್ನು ತಡೆಹಿಡಿಯಲು ಮಿದುಳಿಗೇ ಒಂದು ಶಕ್ತಿ ಇದೆ, ಅದು ಕುಂದಿದ್ದು ಮೊದಲನೆಯ ಗುಂಪಿನಲ್ಲಿ ಮಾತ್ರ. ಎಷ್ಟು ಹೊತ್ತು ಮಲಗಿದರು ಎಂಬುದಕ್ಕಿಂತ ಎಷ್ಟು ಸಲ ಕಡಿದುಹೋಯಿತು ಎಂಬುದು ಹೆಚ್ಚು ಕಾಡಿತು. ಆಪರೇಷನ್ನಿನ ನಂತರದ ನಿದ್ದೆ ಥೇಟ್ ಹೀಗೆಯೇ, ತುಂಡುತುಂಡು. ಮುಂದೆ 2019ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನಿದ್ದೆಗೆಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ನೋವನ್ನು ಗ್ರಹಿಸುವ ಭಾಗ ಹೆಚ್ಚು ಸಕ್ರಿಯವಾಗಿತ್ತು. ನೋವನ್ನು ತೂಗಿನೋಡಿ ಹದಕ್ಕೆ ತರುವ ಭಾಗಗಳು ಮಂಕಾಗಿದ್ದವು.

ಹಾಗಾದರೆ ‘ತಡೆದುಕೊಳ್ಳುತ್ತೇನೆ’ ಎಂಬ ಹಟವನ್ನು ಮೊದಲು ಕೈಬಿಡಬೇಕು. ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇದು ಬಹಳ ಕಷ್ಟ. ಜೀವಮಾನವಿಡೀ ನೋವು ನುಂಗಿದವರು, ಮಾತ್ರೆ ಕೇಳುವುದನ್ನೇ ಸೋಲು ಅಂದುಕೊಂಡವರು. ನೋವು ತಗ್ಗದಿದ್ದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ಮರುದಿನ ವ್ಯಾಯಾಮ ಆಗದು, ವ್ಯಾಯಾಮ ತಪ್ಪಿದರೆ ಮಂಡಿ ಬಿಗಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಮೊದಲ ತಿಂಗಳಲ್ಲಿ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಅದನ್ನು ಮರಳಿ ಪಡೆಯುವುದು ನಿದ್ದೆಗೆಟ್ಟ ದೇಹದ ಕೈಲಾಗುವ ಕೆಲಸವಲ್ಲ.

ಧಾರವಾಡದ ಮಗಳು ಮಾಡಿದ ಕೆಲಸ ಚಿಕ್ಕದು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮಾತ್ರೆ ಕೊಟ್ಟ ಹೊತ್ತು, ಎಚ್ಚರವಾದ ಹೊತ್ತು, ಹತ್ತಕ್ಕೆ ಎಷ್ಟು ನೋವು ಎಂದು ಬರೆಯತೊಡಗಿದಳು. ನಾಲ್ಕು ದಿನ ಬರೆಯುವಷ್ಟರಲ್ಲಿ ಸಂಗತಿ ಕಣ್ಣಿಗೆ ಬಿತ್ತು. ರಾತ್ರಿಯ ಮಾತ್ರೆಯನ್ನು ಊಟವಾದ ಕೂಡಲೇ ಎಂಟಕ್ಕೆ ಕೊಡುತ್ತಿದ್ದರು. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಒಂದೆರಡರ ಹೊತ್ತಿಗೆ ಅದರ ಬಲ ತೀರುತ್ತಿತ್ತು, ಮೂರಕ್ಕೆ ದೇಹದ ಒಳಗಡಿಯಾರ ನೋವನ್ನು ಏರಿಸುತ್ತಿತ್ತು. ಮಗಳು ಪುಸ್ತಕವನ್ನು ವೈದ್ಯರ ಮುಂದಿಟ್ಟಳು. ಅವರು ಮಾತ್ರೆಯ ಹೊತ್ತನ್ನು ಮಲಗುವ ವೇಳೆಗೆ ಸರಿಸಿದರು, ರಾತ್ರಿ ತಾನಾಗಿ ಎಚ್ಚರವಾದರೆ ತೆಗೆದುಕೊಳ್ಳಬಹುದಾದ ಇನ್ನೊಂದನ್ನು ಬರೆದುಕೊಟ್ಟರು, ದಿನದ ಒಟ್ಟು ಮಿತಿ ಮೀರದಂತೆ ಲೆಕ್ಕವನ್ನೂ ಹೇಳಿದರು. ಸಂಜೆಯ ಕಠಿಣ ವ್ಯಾಯಾಮ ಮಧ್ಯಾಹ್ನಕ್ಕೆ ಹೋಯಿತು. ಮಲಗುವ ಮುನ್ನ ಬಟ್ಟೆ ಸುತ್ತಿದ ಐಸ್ ಪ್ಯಾಕ್, ಹದಿನೈದಿಪ್ಪತ್ತು ನಿಮಿಷ.

ದಿಂಬಿನ ವಿಷಯದಲ್ಲಿ ಒಂದು ತಪ್ಪು ಎಲ್ಲ ಮನೆಯಲ್ಲೂ ನಡೆಯುತ್ತದೆ. ಮಂಡಿಯ ಕೆಳಗೆ ದಿಂಬು ಇಟ್ಟರೆ ಹಿತವೆನಿಸುತ್ತದೆ, ಏಕೆಂದರೆ ಸ್ವಲ್ಪ ಮಡಿಚಿದ ಸ್ಥಿತಿಯಲ್ಲಿ ಕೀಲಿನೊಳಗಿನ ಒತ್ತಡ ಕಡಿಮೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಮಂಡಿ ಅದೇ ಬಾಗಿನಲ್ಲಿ ಬಿಗಿದು, ಕಾಲು ನೇರವಾಗುವುದು ನಿಂತೇಹೋಗಬಹುದು. ದಿಂಬು ಇರಬೇಕಾದ್ದು ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ. ವೈದ್ಯರು ಒಪ್ಪಿದ ಮೇಲೆ ಮಗ್ಗುಲಾಗಿ ಮಲಗುವಾಗ ಎರಡು ಕಾಲುಗಳ ನಡುವೆ ಒಂದು ದಿಂಬು. ಚಾಪೆಯ ಮೇಲೆ ಮಲಗಿ ರೂಢಿಯಾದವರೂ ಕೆಲವು ತಿಂಗಳು ಮಂಚಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ನಿದ್ದೆ ಮಾತ್ರೆ ಕೊಡಿ ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಇಲ್ಲಿ ಎಚ್ಚರಿಕೆ ತಪ್ಪಬಾರದು. ಟ್ರಮಡಾಲ್‌ನಂಥ ಒಪಿಯಾಯ್ಡ್ ಮಾತ್ರೆಗಳು ನೋವು ತಗ್ಗಿಸುತ್ತವೆ, ಆದರೆ ಆಳವಾದ ನಿದ್ದೆಯನ್ನೂ ಕನಸಿನ ನಿದ್ದೆಯನ್ನೂ ಕದಡುತ್ತವೆ, ಮಲಬದ್ಧತೆ ಬೇರೆ. ಅವುಗಳ ಜೊತೆ ನಿದ್ದೆ ಮಾತ್ರೆ ಸೇರಿದರೆ ಉಸಿರಾಟವೇ ಮಂದವಾಗಬಹುದು, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ ಇದ್ದವರಿಗಂತೂ ಅಪಾಯ ಹೆಚ್ಚು. ನಮ್ಮಲ್ಲಿ ಧಾರಾಳವಾಗಿ ಬರೆಯುವ ಪ್ರೀಗ್ಯಾಬಲಿನ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ವೃದ್ಧರ ವಿಷಯದಲ್ಲಿ ಇಂಥದೇ ಎಚ್ಚರಿಕೆ ಕೊಟ್ಟಿತು. ನಡುರಾತ್ರಿ ಮಂಪರಿನಲ್ಲಿ ಬಚ್ಚಲಿಗೆ ಹೊರಟು ಬಿದ್ದರೆ ಹೊಸ ಮಂಡಿಯ ಪಕ್ಕದ ಮೂಳೆಯೇ ಮುರಿದೀತು. ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಮೂತ್ರಪಿಂಡ ಸೋತವರಿಗೆ, ಹೊಟ್ಟೆಹುಣ್ಣು ಇದ್ದವರಿಗೆ ಆಗಿಬರುವುದಿಲ್ಲ.

ಮಾತ್ರೆಯಿಲ್ಲದ ದಾರಿಗಳು ಸರಳ. ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಅಂಗಳದ ಎಳೆಬಿಸಿಲಿಗೆ ಕುರ್ಚಿ ಹಾಕಿ ಕೂರುವುದು, ಹಗಲು ನಿದ್ದೆಯನ್ನು ಅರ್ಧ ಗಂಟೆಗೆ ಮುಗಿಸುವುದು, ಮಧ್ಯಾಹ್ನದ ಮೇಲೆ ಕಾಫಿ ಬಿಡುವುದು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡುವ ಬದಲು ಎದ್ದು ಕುರ್ಚಿಯಲ್ಲಿ ಕೂತು, ಮಂದ ಬೆಳಕಿನಲ್ಲಿ ರೇಡಿಯೊ ಕೇಳುವುದು. ಮಂಚದಿಂದ ಕಾಣುವ ಗೋಡೆ ಗಡಿಯಾರವನ್ನು ತೆಗೆದಿಡುವುದು.

ಯಾವ ನೋವಿಗೆ ಕಾಯಬಾರದು ಎಂಬುದನ್ನೂ ಮನೆಯವರು ತಿಳಿದಿರಬೇಕು. ಮೀನಖಂಡ ಗಟ್ಟಿಯಾಗಿ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಜ್ವರದೊಂದಿಗೆ ಹೊಲಿಗೆಯಿಂದ ಕೀವು, ದಿನದಿಂದ ದಿನಕ್ಕೆ ತಗ್ಗುವ ಬದಲು ಏರುವ ನೋವು. ಇವು ಕಂಡರೆ ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗಾಯದ ಹೊರಮಗ್ಗುಲಿನ ಅಂಗೈಯಗಲದ ಜೋಮು ಮಾತ್ರ ಹೆದರುವಂಥದ್ದಲ್ಲ. ಕೊಯ್ಯುವಾಗ ಚರ್ಮದ ಸಣ್ಣ ನರವೊಂದು ಕಡಿಯುವುದರಿಂದ ಅದು ಬರುತ್ತದೆ, ಕೆಲವರಿಗೆ ಹಾಗೇ ಉಳಿದುಬಿಡುತ್ತದೆ.

ಸಾಮಾನ್ಯವಾಗಿ ಮೊದಲ ಆರು ವಾರ ಕಠಿಣ, ಮೂರು ತಿಂಗಳ ಹೊತ್ತಿಗೆ ನಿದ್ದೆ ಬಹುಪಾಲು ಹಳಿಗೆ ಬರುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2012ರ ಸಮೀಕ್ಷೆಯೊಂದರ ಪ್ರಕಾರ, ತಿಂಗಳುಗಳು ಕಳೆದ ಮೇಲೂ ಗಣನೀಯ ನೋವು ಉಳಿದವರ ಪಾಲು ನೂರಕ್ಕೆ ಹತ್ತರಿಂದ ಮೂವತ್ತನಾಲ್ಕು. ಅಂಥವರಿಗೆ ‘ಎಕ್ಸ್‌ರೇ ಚೆನ್ನಾಗಿದೆ, ಹೋಗಿ’ ಎಂಬ ಉತ್ತರ ಸಾಲದು. ನೋವಿನ ಚಿಕಿತ್ಸೆಯ ತಜ್ಞರನ್ನು ಕಾಣುವ ಹಕ್ಕು ಅವರಿಗಿದೆ, ಅವರ ನಿದ್ದೆಯ ಬಗ್ಗೆಯೂ ಯಾರಾದರೂ ಕೇಳಬೇಕು.

ಧಾರವಾಡದ ನೋಟ್‌ಬುಕ್ಕಿನಲ್ಲಿ ಏಳನೆಯ ವಾರದ ಒಂದು ಪುಟ ಹೀಗಿದೆ: ಮಲಗಿದ್ದು 10.30. ಬಚ್ಚಲಿಗೆ ಎದ್ದದ್ದು 2.40, ಮತ್ತೆ ನಿದ್ದೆ. ಎದ್ದದ್ದು 5.15. ನೋವು: ಹತ್ತಕ್ಕೆ 3.