ಪರದೇಶದಲ್ಲಿ ಉಪಾಧ್ಯಾಯಿನಿಯ ದಿನಚರಿ

ವಿದ್ಯಾದಾನಕ್ಕಾಗಿ ಸ್ವಇಚ್ಛೆಯಿಂದ ಪರದೇಶಕ್ಕೆ ಹೊರಡುವ ನಮ್ಮ ಹೆಣ್ಣುಮಕ್ಕಳು ಬೋಧಿಸುವುದಕ್ಕೆ ಮುಂಚೆ ತಾವೇ ಕಲಿಯಬೇಕಾದುದು ಬಹಳವುಂಟು. ಇಥಿಯೋಪಿಯಾ ದೇಶವನ್ನೇ ನೋಡೋಣ. 1974ರಲ್ಲಿ ಪದಚ್ಯುತನಾದ ಹೈಲೆ ಸೆಲಾಸಿ ಚಕ್ರವರ್ತಿಯ ಆಳಿಕೆಯಲ್ಲಿ ಭಾರತದ ಅನೇಕ ಉಪಾಧ್ಯಾಯರು ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದರು.

ಅಲ್ಲಿ ಗಂಟೆಗಳ ಎಣಿಕೆ ಬೆಳಗಿನಿಂದ ಆರಂಭ. ನಮ್ಮ 7 ಗಂಟೆಯೇ ಅವರಿಗೆ 1 ಗಂಟೆ. ಆದುದರಿಂದ ಪಾಠವು 2 ಗಂಟೆಗೆಂದರೆ ನಮ್ಮ ಗಡಿಯಾರದ 8ಕ್ಕೇ ಹಾಜರಿರತಕ್ಕದ್ದು. ವರ್ಷಕ್ಕೆ 13 ತಿಂಗಳು. ಕಡೆಯದಕ್ಕೆ ಐದಾರು ದಿನ ಮಾತ್ರ. ನಿತ್ಯದ ಆಹಾರವಾದ ಇಂಜೆರಾ, ಟೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಹುಳಿಬರಿಸಿ ಹೊಯ್ದ ದೋಸೆಯಂತಹುದು. ಒಂದೇ ತಟ್ಟೆಯ ಸುತ್ತ ಕುಳಿತು ಎಲ್ಲರೂ ಬಲಗೈಯಿಂದ ಉಣ್ಣುವರು. ಎಂಜಲೆಂದು ಹಿಂಜರಿದರೆ ಆತಿಥ್ಯವನ್ನೇ ತಿರಸ್ಕರಿಸಿದಂತಾಗುವುದು. ಅಮ್ಹಾರಿಕ್ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಸ್ವರಾನುಸಾರವಾಗಿ ಏಳು ರೂಪಗಳು. ಕಾಗುಣಿತ ಬಲ್ಲವಳಿಗೆ ಇದು ತೀರ ಹೊಸದಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಹೊಲಗಳ ರಾಗಿಗೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ತವರೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಆ ನಾಡಿನಿಂದ ಅನ್ನವನ್ನು ಪಡೆದ ನಾವು ಅಲ್ಲಿಗೆ ಅಕ್ಷರವನ್ನು ಒಯ್ದರೆ ಅದನ್ನು ಋಣಸಂದಾಯವೆಂದೇ ಎಣಿಸಬೇಕು. ಮಗಳನ್ನು ಕಳುಹಿಸಲು ಅಳುಕುವ ತಾಯಿತಂದೆಗಳು ಇದನ್ನು ನೆನೆಯಲಿ. ಕೊಡುವವಳೆಂಬ ಹೆಮ್ಮೆಯನ್ನು ಬಿಟ್ಟು ಹೋದವಳಿಗೆ ಪರಸ್ಥಳವು ಬೇಗನೆ ಮನೆಯಾಗುವುದು.