ಅರ್ಧ ಕೂತು, ಅರ್ಧ ನಿಂತು: ಕಚೇರಿ ಕುರ್ಚಿಗೆ ಬೇಕಿದೆ ಹೊಸ ಅಳತೆ

ಕಲಬುರಗಿ: ಆಳಂದ ತಾಲೂಕಿನ ಸರಸಂಬಾದಂಥ ಊರುಗಳಲ್ಲಿ ಮನೆಯ ಮುಂದೊಂದು ಕಲ್ಲಿನ ಕಟ್ಟೆ ಕಾಣಸಿಗುವುದು ಸಾಮಾನ್ಯ. ಈ ಭಾಗದ ಆಡುಮಾತಿನಲ್ಲಿ ಅದು ‘ಕಟ್ಟಿ’. ಹಾದಿಯಲ್ಲಿ ಸಿಕ್ಕವರೊಡನೆ ನಾಲ್ಕು ಮಾತಾಡಲು ನಿಂತವರು ಅದರ ಅಂಚಿಗೆ ಒರಗಿಕೊಳ್ಳುತ್ತಾರೆ. ಪೂರ್ತಿ ಕೂರುವುದಿಲ್ಲ, ಪೂರ್ತಿ ನಿಂತಿರುವುದೂ ಇಲ್ಲ. ಪಾದಗಳು ನೆಲದ ಮೇಲೆ, ತೊಡೆ ಇಳಿಜಾರು, ಬೆನ್ನು ತಾನಾಗಿಯೇ ನೆಟ್ಟಗೆ. ಬೇಸರವಾದರೆ ಎದ್ದು ನಡೆಯಲು ಒಂದೇ ಹೆಜ್ಜೆ ಸಾಕು.

ಈ ಭಂಗಿಗೆ ಇಂಗ್ಲಿಷಿನವರು ‘ಪರ್ಚಿಂಗ್’ ಎನ್ನುತ್ತಾರೆ. ಹಕ್ಕಿ ಕೊಂಬೆಯ ಮೇಲೆ ಕೂರುವುದು ಆ ಪದದ ಮೂಲಾರ್ಥ. ಕನ್ನಡದಲ್ಲಿ ಇದನ್ನು ‘ಅರೆನಿಲುವು’ ಎಂದು ಕರೆಯಬಹುದು. ಕುಳಿತು ದುಡಿಯುವ ಹಾಗೂ ಅರೆನಿಲುವಿನಲ್ಲಿ ದುಡಿಯುವ ಎರಡೂ ಸ್ಥಿತಿಗಳಿಗೆ ಹೊಂದುವ ಒಂದೇ ಕುರ್ಚಿಯನ್ನು ರೂಪಿಸುವುದು ಹೇಗೆ ಎಂಬ ಪ್ರಶ್ನೆ ಪೀಠೋಪಕರಣ ವಿನ್ಯಾಸಕಾರರನ್ನು ದಶಕಗಳಿಂದ ಕಾಡುತ್ತಿದೆ. ಇದು ಕೇವಲ ಬೆಂಗಳೂರಿನ ಐಟಿ ಕಂಪನಿಗಳ ಪ್ರಶ್ನೆಯಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ಪಹಣಿಗಳನ್ನು ತಾಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು. 2016ರಲ್ಲಿ ಬಾಪೂಜಿ ಸೇವಾ ಕೇಂದ್ರಗಳು ಗ್ರಾಮ ಪಂಚಾಯಿತಿಯ ಬಾಗಿಲಿಗೆ ಬಂದವು. ಹೀಗೆ ಇಡೀ ದಿನ ಪರದೆಯ ಮುಂದೆ ಕೂರುವ ಕೆಲಸ ಇಂದು ಹಳ್ಳಿಯವರೆಗೂ ತಲುಪಿದೆ. ಆದರೆ ಆ ಕೆಲಸಕ್ಕೆ ಕೂರಿಸುವ ಕುರ್ಚಿಯ ಬಗ್ಗೆ ಯೋಚಿಸಿದವರು ಕಡಿಮೆ.

ಬೆನ್ನು ಬಯಸುವ ಕೋನ

ಮೊಣಕಾಲು, ಸೊಂಟ, ಮೊಣಕೈ ಮೂರೂ 90 ಡಿಗ್ರಿ ಕೋನದಲ್ಲಿರಬೇಕು ಎಂಬುದು ಕಚೇರಿ ಕುರ್ಚಿಯ ಹಳೆಯ ಪಾಠ. ಚಿತ್ರದಲ್ಲಿ ಇದು ಶಿಸ್ತಾಗಿ ಕಾಣುತ್ತದೆ. ಆದರೆ ದೇಹ ಅದನ್ನು ಒಪ್ಪುವುದಿಲ್ಲ.

ನಿಂತಾಗ ಕೆಳಬೆನ್ನು ಒಳಮುಖವಾಗಿ ಸ್ವಲ್ಪ ಬಾಗಿರುತ್ತದೆ. ಅದು ಸಹಜ ಬಾಗು. ತೊಡೆಯನ್ನು ಮೇಲೆತ್ತಿ ಕುರ್ಚಿಯಲ್ಲಿ ಕೂತೊಡನೆ ತೊಡೆಯ ಹಿಂಭಾಗದ ಸ್ನಾಯುಗಳು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆಯುತ್ತವೆ. ಸೊಂಟ ಹಿಂದಕ್ಕೆ ಉರುಳಿದರೆ ಕೆಳಬೆನ್ನಿನ ಬಾಗು ಚಪ್ಪಟೆಯಾಗುತ್ತದೆ. ಲಂಬವಾಗಿ ಕೂತಾಗ ಈ 90 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಮಾತ್ರ ಸೊಂಟದ ಕೀಲಿನಲ್ಲಿ ಬಾಗುತ್ತದೆ, ಉಳಿದ 30 ಡಿಗ್ರಿಯನ್ನು ಕೆಳಬೆನ್ನೇ ಭರಿಸುತ್ತದೆ ಎಂದು ಜರ್ಮನಿಯ ವೈದ್ಯ ಶೋಬರ್ತ್ 1962ರಲ್ಲಿ ತೋರಿಸಿದರು.

ಅದಕ್ಕೂ ಮೊದಲು, 1953ರಲ್ಲಿ, ಅಮೆರಿಕದ ಶಸ್ತ್ರವೈದ್ಯ ಜೆ.ಜೆ. ಕೀಗನ್ ಬೇರೆ ಬೇರೆ ಭಂಗಿಗಳಲ್ಲಿ ಬೆನ್ನಿನ ಎಕ್ಸ್-ರೇ ತೆಗೆದು ಅಧ್ಯಯನ ನಡೆಸಿದ್ದರು. ಮುಂಡ ಮತ್ತು ತೊಡೆಯ ನಡುವೆ ಸುಮಾರು 135 ಡಿಗ್ರಿ ಕೋನವಿದ್ದಾಗ ಕೆಳಬೆನ್ನು ತನ್ನ ಸಹಜ ಬಾಗಿಗೆ ಹತ್ತಿರವಿರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. 1973-74ರ ಸ್ಕೈಲ್ಯಾಬ್ ಯಾನದಲ್ಲಿ ತೂಕವಿಲ್ಲದೆ ತೇಲುತ್ತಿದ್ದ ಗಗನಯಾತ್ರಿಗಳ ದೇಹ ತಾನಾಗಿ ತಳೆದ ಭಂಗಿಯಲ್ಲಿಯೂ ಈ ಕೋನ ಸುಮಾರು 128 ಡಿಗ್ರಿ ಇತ್ತು ಎಂದು ನಾಸಾ ದಾಖಲಿಸಿದೆ. ಕಟ್ಟೆಯ ಅಂಚಿಗೆ ಒರಗಿದವನ ಕೋನವೂ ಇದರ ಆಸುಪಾಸಿನಲ್ಲೇ ಇರುತ್ತದೆ.

ಒಂದು ಎಚ್ಚರಿಕೆ

ಹಾಗಾದರೆ ಕೂರುವುದೇ ಕೆಟ್ಟದ್ದೇ? ಹಾಗೆಂದು ಹೇಳಲಾಗದು. ಸ್ವೀಡನ್‌ನ ವೈದ್ಯ ಆಲ್ಫ್ ನಾಕೆಮ್ಸನ್ 1960-70ರ ದಶಕಗಳಲ್ಲಿ ಬೆನ್ನುಮೂಳೆಯ ಡಿಸ್ಕ್‌ಗೆ ಸೂಜಿ ಚುಚ್ಚಿ ಒತ್ತಡ ಅಳೆದಿದ್ದರು. ಆಸರೆಯಿಲ್ಲದೆ ಕೂತಾಗ ಒತ್ತಡ ನಿಂತಾಗಿನದಕ್ಕಿಂತ ಗಣನೀಯವಾಗಿ ಹೆಚ್ಚು ಎಂದು ಅವರ ಅಳತೆಗಳು ಹೇಳಿದವು. ಆದರೆ 1999ರಲ್ಲಿ ಜರ್ಮನಿಯ ಉಲ್ಮ್‌ನ ಸಂಶೋಧಕ ವಿಲ್ಕೆ ಮತ್ತು ಸಂಗಡಿಗರು ನಡೆಸಿದ ಅಳತೆಯಲ್ಲಿ ನಿಂತಾಗ ಒತ್ತಡ ಸುಮಾರು 0.50 ಮೆಗಾಪ್ಯಾಸ್ಕಲ್, ಸಡಿಲವಾಗಿ ಕೂತಾಗ 0.46 ಮೆಗಾಪ್ಯಾಸ್ಕಲ್ ಬಂತು. ಮುಂದಕ್ಕೆ ಬಾಗಿ ಕೂತಾಗ ಮಾತ್ರ ಅದು ತೀವ್ರವಾಗಿ ಏರಿತು.

ನಮ್ಮ ನೇಕಾರರ ಗುಂಡಿಮಗ್ಗವನ್ನೇ ನೋಡಿ. ಇಳಕಲ್, ಗುಳೇದಗುಡ್ಡಗಳಲ್ಲಿ ತಲೆಮಾರುಗಳಿಂದ ಬಂದ ಈ ಮಗ್ಗದಲ್ಲಿ ನೇಕಾರ ನೆಲದ ಗುಂಡಿಯ ಅಂಚಿನಲ್ಲಿ ಕೂತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಗೋಲು ತುಳಿಯುತ್ತಾನೆ. ತೊಡೆಯ ಇಳಿಜಾರು ಚೆನ್ನಾಗಿಯೇ ಇದೆ. ಆದರೂ ನೇಕಾರರಿಗೆ ಬೆನ್ನುನೋವು ತಪ್ಪಿಲ್ಲ. ಕಾರಣ, ಗಂಟೆಗಟ್ಟಲೆ ಅದೇ ಭಂಗಿ, ಅದೇ ಬಾಗುವಿಕೆ. ಕೋನ ಎಷ್ಟೇ ಸರಿಯಿದ್ದರೂ ಅದರಲ್ಲೇ ದಿನವಿಡೀ ಕಟ್ಟಿಹಾಕಿದರೆ ಪ್ರಯೋಜನವಿಲ್ಲ.

ಹೀಗಾಗಿ ಈ ಬಗೆಯ ಕುರ್ಚಿಯ ಗುರಿ ಒಂದು ಆದರ್ಶ ಭಂಗಿಯನ್ನು ಹೇರುವುದಲ್ಲ. ಕೂತವರು ಕೆಲಸ ನಿಲ್ಲಿಸದೆಯೇ ಭಂಗಿ ಬದಲಿಸಲು ಅನುವು ಮಾಡಿಕೊಡುವುದು.

ಕುದುರೆಯ ಜೀನಿನಿಂದ ಕುರ್ಚಿಗೆ

ಡೆನ್ಮಾರ್ಕ್‌ನ ಶಸ್ತ್ರವೈದ್ಯ ಎ.ಸಿ. ಮಂಡಾಲ್ 1970ರ ದಶಕದಿಂದ ಮುಂದಕ್ಕೆ ಇಳಿಜಾರಾದ ಆಸನ ಮತ್ತು ಎತ್ತರದ ಮೇಜಿನ ಪರ ವಾದ ಮಂಡಿಸಿದರು. ಮುಖ್ಯವಾಗಿ ಶಾಲಾ ಮಕ್ಕಳ ಬೆಂಚುಗಳ ಬಗ್ಗೆ ಅವರಿಗೆ ಕಾಳಜಿಯಿತ್ತು. 1979ರಲ್ಲಿ ನಾರ್ವೆಯಲ್ಲಿ ಮೊಣಕಾಲೂರಿ ಕೂರುವ ‘ಬಾಲನ್ಸ್’ ಕುರ್ಚಿ ಬಂತು. 1984ರಲ್ಲಿ ಅದೇ ದೇಶದ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ ರೂಪಿಸಿದ ‘ಕಾಪಿಸ್ಕೊ’ ಮಾರುಕಟ್ಟೆಗೆ ಬಂತು. ಇದರ ಆಸನ ಕುದುರೆಯ ಜೀನಿನಂತಿದೆ. ಸವಾರ ಕೂತಾಗ ತೊಡೆ ಇಳಿಬಿದ್ದು ಬೆನ್ನು ನೆಟ್ಟಗಾಗುವುದೇ ಇದರ ಪ್ರೇರಣೆ. ಕೆಳಗಿಳಿಸಿದರೆ ಸಾಮಾನ್ಯ ಕುರ್ಚಿ, ಏರಿಸಿದರೆ ಅರೆನಿಲುವಿನ ಆಸನ. ಹಿಂದುಮುಂದಾಗಿಯೂ ಕೂರಬಹುದು.

ಅಂಥ ಆಮದು ಕುರ್ಚಿಯ ಬೆಲೆ ನಮ್ಮ ಸಾಮಾನ್ಯ ಕಚೇರಿಗಳಿಗೆ ಎಟುಕುವಂಥದ್ದಲ್ಲ. ಬೆಲೆ ಎಟುಕಿದರೂ ಅದನ್ನೇ ನಕಲು ಮಾಡಿದರೆ ಸಾಲದು. ಯಾಕೆಂದರೆ ಅಳತೆ ಬೇರೆ, ಉಡುಗೆ ಬೇರೆ, ಮೇಜು ಬೇರೆ.

ಎತ್ತರದ ಗಣಿತ

ಮೊಣಕಾಲಿನಿಂದ ಸೊಂಟದ ಕೀಲಿನವರೆಗೆ ತೊಡೆಯ ಉದ್ದ 40 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಮೊಣಕಾಲಿನ ಕೆಳಭಾಗ ನೆಟ್ಟಗಿದ್ದು ತೊಡೆ 30 ಡಿಗ್ರಿ ಇಳಿಜಾರಾಗಬೇಕಾದರೆ ಆಸನ 20 ಸೆಂ.ಮೀ. ಮೇಲೇರಬೇಕು. ಆಗ ಮುಂಡ-ತೊಡೆಯ ಕೋನ 120 ಡಿಗ್ರಿ. ಕೀಗನ್ ಹೇಳಿದ 135 ಡಿಗ್ರಿ ಬೇಕೆಂದರೆ ಆಸನ ಸುಮಾರು 28 ಸೆಂ.ಮೀ. ಏರಬೇಕು.

ಈಗ ಎರಡು ಕೊನೆಗಳನ್ನು ನೋಡೋಣ. ಗಿಡ್ಡ ಮೈಕಟ್ಟಿನ ಮಹಿಳೆಗೆ ಕೂರಲು ಆಸನ 38 ಸೆಂ.ಮೀ.ವರೆಗೆ ಇಳಿಯಬೇಕಾಗಬಹುದು. ಇಲ್ಲದಿದ್ದರೆ ಪಾದ ನೆಲ ಮುಟ್ಟದೆ ಆಸನದ ಮುಂಚೂಣಿ ತೊಡೆಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಎತ್ತರದ ಪುರುಷನಿಗೆ ಅರೆನಿಲುವಿನಲ್ಲಿ 73 ಸೆಂ.ಮೀ. ಬೇಕಾಗಬಹುದು. ನಡುವಿನ ಅಂತರ 35 ಸೆಂ.ಮೀ.

ಕುರ್ಚಿಯನ್ನು ಏರಿಸಿ ಇಳಿಸುವುದು ಆಸನದ ಕೆಳಗಿನ ಗ್ಯಾಸ್ ಸಿಲಿಂಡರ್. ಅದರೊಳಗೆ ಒತ್ತಡದಲ್ಲಿ ತುಂಬಿದ ಸಾರಜನಕ ಅನಿಲವಿರುತ್ತದೆ. ಹಿಡಿಕೆ ಎತ್ತಿದರೆ ಕವಾಟ ತೆರೆದು ಅನಿಲ ದಂಡವನ್ನು ಮೇಲಕ್ಕೆ ತಳ್ಳುತ್ತದೆ. ಸಾಮಾನ್ಯ ಕಚೇರಿ ಕುರ್ಚಿಯಲ್ಲಿ ಈ ಏರಿಳಿತ ಹತ್ತು ಹನ್ನೆರಡು ಸೆಂ.ಮೀ. ಮಾತ್ರ. 35 ಸೆಂ.ಮೀ. ಏರುವ ಸಿಲಿಂಡರ್ ಹಾಕಿದರಾಯಿತಲ್ಲ ಎನ್ನಬಹುದು. ಆದರೆ ಅಷ್ಟು ಏರುವ ಸಿಲಿಂಡರ್ ಮಡಿಚಿದಾಗಲೂ 35 ಸೆಂ.ಮೀ.ಗಿಂತ ಉದ್ದವೇ ಇರುತ್ತದೆ. ಅದರ ಮೇಲೆ ಆಸನದ ಯಂತ್ರ, ಮೆತ್ತೆ ಸೇರಿದರೆ ಕುರ್ಚಿ 38 ಸೆಂ.ಮೀ.ಗೆ ಇಳಿಯುವುದು ಅಸಾಧ್ಯ. ಕಾಪಿಸ್ಕೊ ಕೂಡ ಹಲವು ಅಳತೆಯ ಸಿಲಿಂಡರ್‌ಗಳಲ್ಲಿ ಮಾರಾಟವಾಗುವುದು ಇದೇ ಕಾರಣಕ್ಕೆ.

ಪರಿಹಾರ ಎರಡು. ಒಂದರೊಳಗೊಂದು ಸೇರುವ ಎರಡು ಹಂತದ ಕೊಳವೆ ಬಳಸುವುದು, ಇದು ದುಬಾರಿ. ಇಲ್ಲವೇ ಎಲ್ಲರಿಗೂ ಒಂದೇ ಕುರ್ಚಿ ಎಂಬ ಹಟ ಬಿಟ್ಟು ಗಿಡ್ಡ ಮತ್ತು ಎತ್ತರದ ಎರಡು ಅಳತೆ ತಯಾರಿಸುವುದು. ಅಳತೆಗೆ ಆಧಾರವಿಲ್ಲ ಎನ್ನುವಂತಿಲ್ಲ. ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿ ದೇಬ್‌ಕುಮಾರ್ ಚಕ್ರವರ್ತಿ ರಚಿಸಿದ ಗ್ರಂಥವನ್ನು ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿಯೇ ಪ್ರಕಟಿಸಿದೆ.

ಜಾರುವ ಆಸನ, ಸೀರೆಯ ಪ್ರಶ್ನೆ

ಆಸನ ಮೇಲೇರಿದಾಗ ಚಪ್ಪಟೆಯಾಗಿಯೇ ಉಳಿದರೆ ಅದರ ಅಂಚು ತೊಡೆಗೆ ಚುಚ್ಚುತ್ತದೆ. ಮುಂದಕ್ಕೆ ಇಳಿಜಾರು ಮಾಡಿದರೆ ಕೂತವರು ಜಾರುತ್ತಾರೆ. ಜಾರದಿರಲು ಕಾಲಿನಿಂದ ಒತ್ತಿ ಹಿಡಿಯಬೇಕು. ಅರ್ಧ ಗಂಟೆಯಲ್ಲಿ ಮೀನಖಂಡ ಸೋಲುತ್ತದೆ.

ಪಾಶ್ಚಾತ್ಯರು ಇದಕ್ಕೆ ಕಂಡುಕೊಂಡ ಉತ್ತರ ಜೀನಿನ ಆಕಾರ. ಎರಡೂ ಕಡೆ ಕಾಲು ಹಾಕಿ ಕೂತರೆ ಜಾರುವುದಿಲ್ಲ. ಆದರೆ ಸೀರೆಯುಟ್ಟ ಮಹಿಳೆ ಇದರ ಮೇಲೆ ಕೂರುವುದು ಹೇಗೆ? ನಮ್ಮ ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಸೀರೆಯುಟ್ಟು ದುಡಿಯುವ ಮಹಿಳೆಯರು ಅಸಂಖ್ಯ. ಅವರನ್ನು ಮರೆತು ರೂಪಿಸಿದ ಕುರ್ಚಿ ಇಲ್ಲಿ ಸಲ್ಲದು.

ಇದಕ್ಕೆ ಹೊಂದುವ ಮಾರ್ಗ ಆಸನವನ್ನು ಎರಡು ಭಾಗ ಮಾಡುವುದು. ಹಿಂದಿನ ಭಾಗ ಬಹುತೇಕ ಸಮತಟ್ಟಾಗಿದ್ದು ಕೂರುವ ಮೂಳೆಗಳ ಭಾರ ಹೊರುತ್ತದೆ. ಮುಂದಿನ ಭಾಗ ಕೀಲಿನ ಮೇಲೆ ಕೆಳಕ್ಕೆ ಬಾಗಿ ತೊಡೆಗೆ ದಾರಿ ಬಿಡುತ್ತದೆ. ಕಾಲುಗಳನ್ನು ಜೋಡಿಸಿಕೊಂಡೇ ಕೂರಬಹುದು. ಹೊದಿಕೆ ನುಣುಪಾದ ರೆಕ್ಸಿನ್ ಆಗಿರದೆ ತುಸು ಒರಟಾದ ಬಟ್ಟೆಯಾಗಿದ್ದರೆ ಜಾರುವುದು ಇನ್ನೂ ಕಡಿಮೆ. ಕಲಬುರಗಿಯ ಬೇಸಿಗೆಯ ಬೆವರಿಗೂ ಅದೇ ಮೇಲು. ಇನ್ನು ಚಕ್ರಗಳಲ್ಲಿ ಸೆರಗು, ನೆರಿಗೆ ಸಿಕ್ಕಿಕೊಳ್ಳದಂತೆ ಅವುಗಳಿಗೆ ಮರೆಯಿರಬೇಕು.

ಹಿಂದಕ್ಕೆ ಸರಿದರೆ ಅಪಾಯ

ಅರೆನಿಲುವಿನಲ್ಲಿ ದೇಹದ ಭಾರದ ಒಂದು ಪಾಲನ್ನು ಕಾಲುಗಳು ಹೊರುತ್ತವೆ. ಕಾಲು ನೆಲವನ್ನು ಮುಂದಕ್ಕೆ ಒತ್ತಿದಂತೆ ಸೊಂಟ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತದೆ. ಚಕ್ರಗಳು ಸರಾಗವಾಗಿ ಉರುಳುವಂತಿದ್ದರೆ ಕುರ್ಚಿ ಹಿಂದಕ್ಕೆ ಓಡಿ, ಕೂತವರು ನೆಲಕ್ಕೆ ಬೀಳುವುದು ಖಚಿತ. ಆದ್ದರಿಂದ ಭಾರ ಬಿದ್ದಾಗ ತಾನಾಗಿ ಬಿಗಿಯುವ ಚಕ್ರಗಳು, ಅಥವಾ ಚಕ್ರವಿಲ್ಲದ ರಬ್ಬರ್ ಪಾದಗಳು ಇಲ್ಲಿ ಕಡ್ಡಾಯ. ಆಸನ ಏರಿದಷ್ಟೂ ಗುರುತ್ವಕೇಂದ್ರ ಏರುತ್ತದೆ. ಐದು ಕಾಲಿನ ಬುಡವೂ ಅದಕ್ಕೆ ತಕ್ಕಂತೆ ಅಗಲವಾಗಬೇಕು.

ಹಿಡಿಕೆಗಳೂ ಕಡಿಮೆಯಿರಬೇಕು. ನಾಲ್ಕು ಹಿಡಿಕೆಗಳಿರುವ ಕುರ್ಚಿಯಲ್ಲಿ ಮೂರನ್ನು ಯಾರೂ ಮುಟ್ಟುವುದಿಲ್ಲ. ಆಸನ ಏರುತ್ತಿದ್ದಂತೆ ಮುಂಭಾಗ ತಾನಾಗಿ ಬಾಗುವಂತೆ ಒಂದೇ ಹಿಡಿಕೆಗೆ ಎರಡೂ ಕೆಲಸ ಜೋಡಿಸುವುದು ಉತ್ತಮ. ಅದರ ಬಳಕೆಯನ್ನು ಕನ್ನಡದಲ್ಲಿ ಬರೆದು ಅಂಟಿಸಿದರೆ ಇನ್ನೂ ಉತ್ತಮ.

ಮೇಜು ಏರದಿದ್ದರೆ?

ಕುರ್ಚಿ ಏರಿ ಮೇಜು ಅಲ್ಲೇ ಉಳಿದರೆ ಇಷ್ಟೆಲ್ಲ ವ್ಯರ್ಥ. ಸಾಮಾನ್ಯ ಮೇಜಿನ ಎತ್ತರ 72ರಿಂದ 75 ಸೆಂ.ಮೀ. ಆಸನ 25 ಸೆಂ.ಮೀ. ಏರಿದರೆ ಮೇಜೂ ಒಂದು ಮೀಟರಿನ ಹತ್ತಿರ ಬರಬೇಕು. ಇಲ್ಲವಾದರೆ ದುಡಿಯುವವರು ಮುಂದಕ್ಕೆ ಬಾಗುತ್ತಾರೆ. ಡಿಸ್ಕ್‌ನ ಒತ್ತಡ ಏರುವುದೇ ಹಾಗೆ ಬಾಗಿದಾಗ.

ಎಲ್ಲ ಕಚೇರಿಗಳಿಗೂ ಏರಿಳಿಸುವ ಮೇಜು ಕೊಡಲಾಗದು. ಆದರೆ ಎತ್ತರದ ಕೌಂಟರ್ ಈಗಾಗಲೇ ಇರುವ ಜಾಗಗಳು ಬಹಳಷ್ಟಿವೆ. ಟಿಕೆಟ್ ಕಿಟಕಿ, ಔಷಧ ಅಂಗಡಿ, ಆಸ್ಪತ್ರೆಯ ನೋಂದಣಿ ಸ್ಥಳ, ಬಟ್ಟೆ ಮಳಿಗೆಗಳಲ್ಲಿ ಅರೆನಿಲುವಿನ ಕುರ್ಚಿ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ. ಎದುರಿಗೆ ನಿಂತ ಗ್ರಾಹಕರ ಕಣ್ಣಿನ ಮಟ್ಟಕ್ಕೇ ಇದ್ದು ಮಾತಾಡಬಹುದು ಎಂಬುದು ಮತ್ತೊಂದು ಲಾಭ.

ಇಲ್ಲಿ ಕಾನೂನಿನ ಮಾತೂ ಇದೆ. ನಿಂತೇ ದುಡಿಯಬೇಕಾದವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ಹೇಳಿತ್ತು. ಆ ಆಶಯ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಮುಂದುವರಿದಿದೆ. ಬಟ್ಟೆ ಅಂಗಡಿಗಳ ಮಹಿಳೆಯರ ಹೋರಾಟದ ಬಳಿಕ ಕೇರಳ 2018ರಲ್ಲಿ, ನಂತರ ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ‘ಕೂರುವ ಹಕ್ಕು’ ನೀಡಿ ಕಾಯ್ದೆ ತಿದ್ದಿದವು. ಗ್ರಾಹಕರು ಬಂದಾಗ ನೌಕರರು ಕೂತಿರುವುದು ಅಗೌರವ ಎಂದು ಭಾವಿಸುವ ಮಾಲೀಕರಿಗೆ ಅರೆನಿಲುವಿನ ಆಸನ ಒಂದು ನಡುದಾರಿ. ಆದರೆ ಅದನ್ನೇ ನೆಪವಾಗಿಸಿ ಪೂರ್ತಿ ಕೂರುವ ಅವಕಾಶ ಕಿತ್ತುಕೊಳ್ಳುವುದು ಸಲ್ಲದು.

ಟೆಂಡರಿನಲ್ಲಿ ಬರೆಯದಿದ್ದರೆ ಬಾರದು

ಸರ್ಕಾರಿ ಕಚೇರಿಯ ಕುರ್ಚಿಯನ್ನು ಅದರಲ್ಲಿ ಕೂರುವವರು ಆರಿಸುವುದಿಲ್ಲ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನಲ್ಲಿ ಟೆಂಡರ್ ನಡೆಯುತ್ತದೆ; ಷರತ್ತು ಪೂರೈಸಿದವರಲ್ಲಿ ಕಡಿಮೆ ಬೆಲೆಯವರಿಗೆ ಮಣೆ. ‘ತಿರುಗುವ ಕುರ್ಚಿ, ಕೈಯಾಸರೆ ಸಹಿತ’ ಎಂದಷ್ಟೇ ಬರೆದರೆ ಬರುವುದೂ ಅಷ್ಟೇ. ಆದ್ದರಿಂದ ಬದಲಾವಣೆ ಆರಂಭವಾಗಬೇಕಾದದ್ದು ಷರತ್ತಿನ ಹಾಳೆಯಲ್ಲಿ.

ಕುರ್ಚಿ ಕೊಳ್ಳುವ ಮುನ್ನ ಕೇಳಬೇಕಾದದ್ದು:

* ಕಚೇರಿಯ ಅತಿ ಗಿಡ್ಡ ವ್ಯಕ್ತಿ ಕೂತಾಗ ಪಾದ ಪೂರ್ತಿ ನೆಲ ಮುಟ್ಟುತ್ತದೆಯೇ?
* ಅತಿ ಎತ್ತರದ ವ್ಯಕ್ತಿಗೆ ತೊಡೆ ಕನಿಷ್ಠ 30 ಡಿಗ್ರಿ ಇಳಿಜಾರಾಗುವಷ್ಟು ಆಸನ ಏರುತ್ತದೆಯೇ?
* ಆಸನದ ಮುಂಭಾಗ ಬಾಗುತ್ತದೆಯೇ? ಸೀರೆಯುಟ್ಟವರು ಕೂತು ನೋಡಿದ್ದಾರೆಯೇ?
* ಅಂಚಿನಲ್ಲಿ ಕೂತಾಗ ಚಕ್ರ ಬಿಗಿಯುತ್ತದೆಯೇ?
* ಮೇಜು ಅಥವಾ ಕೌಂಟರಿನ ಎತ್ತರ ಅಳೆದಿದ್ದೀರಾ?
* ಸಿಲಿಂಡರ್, ಚಕ್ರ ಕೆಟ್ಟರೆ ಬಿಡಿಭಾಗ ಜಿಲ್ಲಾ ಕೇಂದ್ರದಲ್ಲಿ ಸಿಗುತ್ತದೆಯೇ?

ಕೊನೆಯದಾಗಿ, ಯಾವ ಕುರ್ಚಿಯೂ ಎದ್ದು ನಾಲ್ಕು ಹೆಜ್ಜೆ ನಡೆಯುವುದಕ್ಕೆ ಬದಲಿಯಲ್ಲ. ಕಟ್ಟೆಗೆ ಒರಗಿದವರು ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಪರದೆಯ ಮುಂದೆ ಕೂತವರಿಗೂ ಆ ಅವಕಾಶವನ್ನು ಕಚೇರಿಗಳು ಒದಗಿಸಬೇಕಿದೆ.