ಒಂದೇ ದೋಟಿ, ಹಲವು ತುದಿ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಈಗ ಫೈಬರ್ ದೋಟಿ ಕಾಣದ ಊರು ಕಡಿಮೆ. ದೋಟಿ ಒಂದೇ, ತುದಿಗೆ ಕತ್ತಿ ಸಿಕ್ಕಿಸಿದರೆ ಕೊಯ್ಲು, ನಾಝಲ್ ಸಿಕ್ಕಿಸಿದರೆ ಮದ್ದು. ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ಗೆ ಪ್ಲಗಿನ್ ಯಾಕೆ ಎಂದು ಕೇಳಿದವರಿಗೆ ನಾನು ತೋರಿಸುವುದು ಈ ದೋಟಿಯನ್ನೇ.

ತೋಟದ ಡೈರಿ ನಮ್ಮ ಕಡೆ ಹೊಸದೇನಲ್ಲ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಮಿಲಿಮೀಟರ್ ಲೆಕ್ಕ ಬರೆದಿಟ್ಟೇ ಕಾಫಿಗೆ ಕೂರುವ ಕೃಷಿಕರಿದ್ದಾರೆ. ಬರೆಯುವುದು ಸುಲಭ, ಹುಡುಕುವುದೇ ಪೇಚಾಟ. ಹೋದ ವರ್ಷ ಎರಡನೇ ಸಲ ಮದ್ದು ಬಿಟ್ಟದ್ದು ಯಾವಾಗ, ಆಮೇಲೆ ಎಷ್ಟು ಮಳೆ ಬಂತು ಎಂದು ಯಾರಾದರೂ ಕೇಳಿದರೆ ಹಾಳೆ ಮಗುಚಿ ಮಗುಚಿ ಸಾಕಾಗುತ್ತದೆ.

2020ರಲ್ಲಿ ಬಂದ ಅಬ್ಸಿಡಿಯನ್ ನಮ್ಮ ಟಿಪ್ಪಣಿಗಳನ್ನು ಸಾದಾ ಪಠ್ಯದ ಕಡತಗಳಾಗಿ ನಮ್ಮದೇ ಫೋನಿನಲ್ಲಿ ಇಡುತ್ತದೆ. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ, ಟವರೂ ಸತ್ತ ದಿನ ಇದರ ಬೆಲೆ ಗೊತ್ತಾಗುತ್ತದೆ. ದಿನಕ್ಕೊಂದು ಪುಟ ತೆರೆಯುವ 'ಡೈಲಿ ನೋಟ್ಸ್' ಅದರಲ್ಲೇ ಇದೆ. ಅದಕ್ಕೆ 'ಟೆಂಪ್ಲೇಟರ್' ಎಂಬ ಪ್ಲಗಿನ್ ಸಿಕ್ಕಿಸಿದರೆ ಪುಟ ತೆರೆಯುವಾಗಲೇ ತಾರೀಕು, ಮಳೆಯ ಅಂಕಿ ತುಂಬುವ ಗೂಡು, ಆಳುಗಳ ಸಾಲು ಸಿದ್ಧ.

ನನಗೆ ಬೆರಗು ಹುಟ್ಟಿಸಿದ್ದು ಮೈಕೆಲ್ ಬ್ರೆನನ್ ಬರೆದ 'ಡೇಟಾವ್ಯೂ' ಪ್ಲಗಿನ್. ಅದು ಬರೆದದ್ದನ್ನು ಮುಟ್ಟುವುದಿಲ್ಲ, ಓದುತ್ತದೆ ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೂರಿಪ್ಪತ್ತೆರಡು ಪುಟಗಳಲ್ಲಿ ಚದುರಿದ ಮಳೆಯ ಅಂಕಿಗಳನ್ನು ಒಂದೇ ಪಟ್ಟಿಗೆ ತಂದು ಕೂಡಿಸಿ ಕೊಡುತ್ತದೆ. ಇವತ್ತಿನ ಪುಟ ತುಂಬಿದೊಡನೆ ಪಟ್ಟಿಯೂ ಬೆಳೆಯುತ್ತದೆ. ಒಂದು ಎಚ್ಚರ: ಗೂಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಟ್ಟರೆ ಕ್ಷೇಮ. ಕನ್ನಡದ ಗುಡಿಸು, ಕೊಂಬು ಕಂಡರೆ ಕೆಲವು ಪ್ಲಗಿನ್‌ಗಳು ತಡವರಿಸುತ್ತವೆ. ಒಳಗಿನ ಬರಹ ಕನ್ನಡದಲ್ಲೇ ಇರಲಿ, ಅದಕ್ಕೇನೂ ತಕರಾರಿಲ್ಲ.

ತೋಟದ ನಕ್ಷೆ ಗೀಚಲು 'ಎಕ್ಸ್‌ಕ್ಯಾಲಿಡ್ರಾ' ಇದೆ. ಬೆರಳಲ್ಲೇ ಪೈಪಿನ ದಾರಿ ಎಳೆಯಬಹುದು. ಇಂಥ ಪ್ಲಗಿನ್‌ಗಳು ಸಾವಿರಗಟ್ಟಲೆ ಇವೆ, ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳುವ ಚಪಲ ಬೇಡ. ಇವನ್ನು ಬರೆದವರು ಹೊರಗಿನವರು, ಇವು ನಮ್ಮ ಕಡತಗಳನ್ನು ಓದಬಲ್ಲವು. ಅದಕ್ಕೇ ಆ್ಯಪ್ ಮೊದಲಿಗೆ ಅವುಗಳಿಗೆ ಬಾಗಿಲು ಹಾಕಿಯೇ ಇಟ್ಟಿರುತ್ತದೆ. ತೆರೆಯುವುದು ನಮ್ಮ ಹೊಣೆ.

ಇನ್ನು ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ 'ಟಾಸ್ಕ್ಸ್'. ಇದು ಅಡಿಕೆ ಬೆಳೆಗಾರನಿಗೆಂದೇ ಮಾಡಿದಂತಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಲವತ್ತು, ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಆದರೆ ಮಳೆ ಹೊಳವು ಕೊಡಬೇಕಲ್ಲ! ಸಾಮಾನ್ಯ ರಿಮೈಂಡರಿಗೆ ಈ ಕಷ್ಟ ತಿಳಿಯದು, ಮೊದಲು ಗುರುತು ಹಾಕಿದ ದಿನದಿಂದಲೇ ಎಣಿಸುತ್ತದೆ. ಟಾಸ್ಕ್ಸ್‌ನಲ್ಲಿ ಪ್ರತಿ 45 ದಿನಕ್ಕೊಮ್ಮೆ ಎಂದು ಬರೆದು, ಮುಗಿದ ಮೇಲೆ ಎಣಿಸು ಎಂದು ಸೇರಿಸಬಹುದು. ಜುಲೈ 20ಕ್ಕೆಂದು ಇಟ್ಟ ಕೆಲಸ ಮಳೆ ಬಿಡದೆ 29ಕ್ಕೆ ಮುಗಿಯಿತೆನ್ನಿ. ಟಿಕ್ ಹಾಕಿದ ಕೂಡಲೇ ಮುಂದಿನ ಮದ್ದು ಸೆಪ್ಟೆಂಬರ್ 3ಕ್ಕಲ್ಲ, 12ಕ್ಕೆ ಹೋಗಿ ಕೂರುತ್ತದೆ.